ಅಪ್‌ಡೇಟ್ ಆಯ್ತು, ಸೈಟ್ ನಿಂತಿತು: ಪಾಸ್‌ವರ್ಡ್ ಯಾರ ಹತ್ತಿರ ಇದೆ?

ಮೇ ತಿಂಗಳು ಬಂತೆಂದರೆ ಶ್ರೀನಿವಾಸಪುರದ ಕಡೆ ಮಾವಿನದೇ ಮಾತು. ಮಂಡಿಗೆ ಲೋಡು ಕಳಿಸುವವರ ಜೊತೆಗೆ ಈಗ ಬೆಂಗಳೂರಿನ ಮನೆಗಳಿಗೆ ನೇರವಾಗಿ ಬಾಕ್ಸ್ ಕಳಿಸುವ ಬೆಳೆಗಾರರೂ ಇದ್ದಾರೆ. ರಾಜ್ಯ ಮಾವು ನಿಗಮದ ಕರ್‌ಸಿರಿ ಪೋರ್ಟಲ್‌ನಲ್ಲಿ ಬುಕ್ ಮಾಡಿದರೆ ಅಂಚೆಯಲ್ಲಿ ಹಣ್ಣು ಮನೆಗೆ ಬರುವ ವ್ಯವಸ್ಥೆ ಇದೆ. ಅದು ಸಾಲದು ಅಂತ ಕೆಲವರು ತಮ್ಮದೇ ವೆಬ್‌ಸೈಟ್ ಮಾಡಿಸಿಕೊಂಡಿದ್ದಾರೆ. ಬಾದಾಮಿಯೋ ಮಲ್ಲಿಕಾನೋ ಆರಿಸಿ, ವಿಳಾಸ ಹಾಕಿ, ಯುಪಿಐನಲ್ಲಿ ದುಡ್ಡು ಕೊಟ್ಟರೆ ಆಯಿತು. ಇಂಥ ಸೈಟ್ ವರ್ಷದಲ್ಲಿ ದುಡಿಯುವುದೇ ಎರಡು ಮೂರು ತಿಂಗಳು. ಅದೇ ಹೊತ್ತಿಗೆ ಒಂದು ಪ್ಲಗಿನ್ (ಸೈಟ್‌ಗೆ ಹೆಚ್ಚುವರಿ ಸೌಲಭ್ಯ ಸೇರಿಸುವ ತಂತ್ರಾಂಶದ ತುಣುಕು) ಅಪ್‌ಡೇಟ್ ಆಗಿ, ದುಡ್ಡು ಕೊಡುವ ಬಟನ್ ಒತ್ತಿದರೆ ಏನೂ ಆಗದಂತಾದರೆ ಆ ವರ್ಷದ ವ್ಯಾಪಾರಕ್ಕೇ ಪೆಟ್ಟು.

ಮಾವಿನವರದ್ದಷ್ಟೇ ಅಲ್ಲ ಈ ಪಾಡು. ಟೊಮೆಟೊ ಸಸಿ ಬುಕ್ ಮಾಡಿಕೊಳ್ಳುವ ನರ್ಸರಿಗಳು, ಅಡ್ಮಿಷನ್ ಅರ್ಜಿ ತೆಗೆದುಕೊಳ್ಳುವ ಪಿಯು ಕಾಲೇಜುಗಳು, ಕಲ್ಯಾಣ ಮಂಟಪಗಳು, ರಕ್ತಪರೀಕ್ಷೆಯ ಲ್ಯಾಬುಗಳು ಎಲ್ಲವೂ ಇದರಲ್ಲಿ ಸೇರಿವೆ. ಕೋಲಾರ ಜಿಲ್ಲೆಯಲ್ಲಿ ನಾನು ನೋಡಿದ ಸಣ್ಣ ಸೈಟ್‌ಗಳಲ್ಲಿ ಹೆಚ್ಚಿನವು ವರ್ಡ್‌ಪ್ರೆಸ್ ಎಂಬ ವೆಬ್‌ಸೈಟ್ ಕಟ್ಟುವ ತಂತ್ರಾಂಶದಲ್ಲಿ ಮಾಡಿದವು. ಅದರಲ್ಲಿ ಆಶ್ಚರ್ಯವೇನಿಲ್ಲ. ಜಗತ್ತಿನ ವೆಬ್‌ಸೈಟ್‌ಗಳಲ್ಲಿ ನೂರಕ್ಕೆ ನಲವತ್ತಕ್ಕಿಂತ ಜಾಸ್ತಿ ಇದರ ಮೇಲೆಯೇ ನಡೆಯುತ್ತಿವೆ. ತಂತ್ರಾಂಶ ಉಚಿತ, ಕಲಿಯುವುದು ಸುಲಭ, ಬೇಕಾದ ಸೌಲಭ್ಯಕ್ಕೆಲ್ಲ ಪ್ಲಗಿನ್ ಸಿಗುತ್ತದೆ.

ಇಂಥ ಸೈಟ್‌ಗಳ ರಿಪೇರಿ ನನ್ನ ಕೆಲಸ. ಫೋನ್ ಮಾಡುವವರು ಹೇಳುವುದು ಬಹುಪಾಲು ಒಂದೇ ಮಾತು: "ಸಾರ್, ನಾವೇನೂ ಮಾಡಿಲ್ಲ. ಅಪ್‌ಡೇಟ್ ಅಂತ ತೋರಿಸ್ತು, ಒತ್ತಿದ್ವಿ. ಅಷ್ಟೇ." ಅವರು ಹೇಳುವುದು ನಿಜ. ಆದರೆ ಕೆಟ್ಟ ಪ್ಲಗಿನ್ ಹಿಡಿದು ಸರಿ ಮಾಡುವುದು ಸಾಮಾನ್ಯವಾಗಿ ಒಂದೆರಡು ಗಂಟೆಯ ಕೆಲಸ. ದಿನಗಟ್ಟಲೆ ಎಳೆಯುವುದು ಅದರ ಮುಂಚಿನ ಹುಡುಕಾಟ. ಹೋಸ್ಟಿಂಗ್ (ಸೈಟ್ ಇಟ್ಟಿರುವ ಬಾಡಿಗೆ ಸರ್ವರ್) ಲಾಗಿನ್ ಯಾರ ಹತ್ತಿರ ಇದೆ? ಬ್ಯಾಕಪ್ ಇದೆಯಾ? ಅಡ್ಮಿನ್ ಇಮೇಲ್ ಯಾರದ್ದು? ಪ್ಲಗಿನ್ ಕೆಡುವುದು ತಾಂತ್ರಿಕ ಸಮಸ್ಯೆ, ಅದಕ್ಕೆ ದಾರಿ ಇದೆ. ಸೈಟ್‌ಗೆ ದಿಕ್ಕಿಲ್ಲದಿರುವುದು ನಮ್ಮ ಊರುಗಳ ದೊಡ್ಡ ಸಮಸ್ಯೆ. ಈ ಲೇಖನದಲ್ಲಿ ಎರಡನ್ನೂ ಬಿಡಿಸಿ ಹೇಳುತ್ತೇನೆ.

ಬದಲಾವಣೆ ಎಲ್ಲಿಂದ ಬರುತ್ತದೆ?

ವರ್ಡ್‌ಪ್ರೆಸ್ ಸೈಟ್ ಒಂದೇ ತಂತ್ರಾಂಶ ಅಲ್ಲ. ಮೂಲ ವರ್ಡ್‌ಪ್ರೆಸ್ ಒಂದು. ಅದರ ಮೇಲೆ ಕೂತಿರುವ ಪ್ಲಗಿನ್‌ಗಳು ಮತ್ತು ಸೈಟ್‌ಗೆ ರೂಪ ಕೊಡುವ ಥೀಮ್ ಇನ್ನೊಂದು. ಇವೆಲ್ಲ ಓಡುವುದಕ್ಕೆ ಸರ್ವರ್‌ನಲ್ಲಿ ಬೇಕಾದ ಪಿಎಚ್‌ಪಿ ಭಾಷೆ ಮತ್ತೊಂದು. ಮೂರನ್ನೂ ಬೇರೆ ಬೇರೆ ಜನ ಮಾಡುತ್ತಾರೆ, ಬೇರೆ ಬೇರೆ ಸಮಯಕ್ಕೆ ಬದಲಿಸುತ್ತಾರೆ. ಒಂದು ಹೆಜ್ಜೆ ಮುಂದೆ ಹೋಗಿ ಇನ್ನೊಂದು ಹಿಂದೆ ಉಳಿದರೆ ಅಲ್ಲಿ ಬಿರುಕು ಬಿಡುತ್ತದೆ. ವರ್ಡ್‌ಪ್ರೆಸ್‌ನ ಅಧಿಕೃತ ಸಂಗ್ರಹದಲ್ಲೇ ಸುಮಾರು 60,000 ಪ್ಲಗಿನ್‌ಗಳಿವೆ. ಅವೆಲ್ಲ ಒಂದಕ್ಕೊಂದು ಹೊಂದುತ್ತವೆಯೇ ಎಂದು ಯಾರಿಗೂ ಪರೀಕ್ಷೆ ಮಾಡಿ ಮುಗಿಸಲು ಆಗುವುದಿಲ್ಲ.

ಮೂಲ ವರ್ಡ್‌ಪ್ರೆಸ್ ಬದಲಾಗಿ ಪ್ಲಗಿನ್‌ಗಳು ಕೆಟ್ಟದ್ದಕ್ಕೆ ಒಳ್ಳೆಯ ಉದಾಹರಣೆ 2020ರದ್ದು. ಆ ವರ್ಷದ ಆಗಸ್ಟ್‌ನಲ್ಲಿ ಬಂದ 5.5 ಆವೃತ್ತಿಯಲ್ಲಿ ಜೆಕ್ವೆರಿ ಮೈಗ್ರೇಟ್ ಎಂಬ ಸಣ್ಣ ಕಡತವನ್ನು ಕೈಬಿಟ್ಟರು. ಹಳೆಯ ಶೈಲಿಯಲ್ಲಿ ಬರೆದ ಸ್ಕ್ರಿಪ್ಟ್‌ಗಳು ಜೆಕ್ವೆರಿ ಎಂಬ ಸ್ಕ್ರಿಪ್ಟ್ ಸಂಗ್ರಹದ ಹೊಸ ಆವೃತ್ತಿಯೊಂದಿಗೆ ಹೊಂದಿಕೊಳ್ಳುವಂತೆ ನೋಡಿಕೊಳ್ಳುತ್ತಿದ್ದದ್ದು ಆ ಕಡತ. ಅದು ಹೋದ ತಕ್ಷಣ ಎಷ್ಟೋ ಸೈಟ್‌ಗಳಲ್ಲಿ ಸ್ಲೈಡರ್ ನಿಂತಿತು, ಮೆನು ತೆರೆಯಲಿಲ್ಲ, ಫಾರ್ಮ್ ಸಬ್‌ಮಿಟ್ ಆಗಲಿಲ್ಲ. ಕೊನೆಗೆ ಅದನ್ನು ವಾಪಸ್ ಕೊಡುವುದಕ್ಕೆಂದೇ ಒಂದು ಸಹಾಯಕ ಪ್ಲಗಿನ್ ಬಿಡಬೇಕಾಯಿತು. ಎಷ್ಟೋ ಪ್ಲಗಿನ್‌ಗಳನ್ನು ವರ್ಷಗಳಿಂದ ಯಾರೂ ಮುಟ್ಟಿರಲಿಲ್ಲ. ಅಲ್ಲಿಯವರೆಗೆ ಅವನ್ನು ನಡೆಸಿಕೊಂಡು ಬಂದಿದ್ದು ಆ ಒಂದು ಕಡತ.

ಪಿಎಚ್‌ಪಿ ಕಡೆಯ ಬದಲಾವಣೆ ಇನ್ನೂ ಕಷ್ಟ. ಏಕೆಂದರೆ ಅದು ಸೈಟ್ ಮಾಲೀಕರ ಕಣ್ಣಿಗೆ ಬೀಳುವುದೇ ಇಲ್ಲ. ಹೋಸ್ಟಿಂಗ್ ಕಂಪನಿಯಿಂದ ಒಂದು ಮೇಲ್ ಬಂದಿರುತ್ತದೆ, ಯಾರೂ ಓದಿರುವುದಿಲ್ಲ, ಹೇಳಿದ ದಿನ ಆವೃತ್ತಿ ಬದಲಾಗುತ್ತದೆ. ಪಿಎಚ್‌ಪಿ 7.4ಕ್ಕೆ ಬೆಂಬಲ ನಿಂತದ್ದು 2022ರ ನವೆಂಬರ್ 28ಕ್ಕೆ. 8.1ಕ್ಕೆ 2025ರ ಡಿಸೆಂಬರ್ 31 ಕೊನೆಯಾಯಿತು. 8.2ಕ್ಕೆ 2026ರ ಡಿಸೆಂಬರ್ 31 ಕೊನೆ. 7ರಿಂದ 8ಕ್ಕೆ ಹೋದಾಗ ಆದ ಬದಲಾವಣೆ ಸಣ್ಣದಲ್ಲ. ಹಳೆಯ ಪ್ಲಗಿನ್‌ಗಳು ಬಳಸುತ್ತಿದ್ದ ಕೆಲವು ಫಂಕ್ಷನ್‌ಗಳನ್ನು ಪೂರ್ತಿ ತೆಗೆದುಹಾಕಿದರು. ಮೊದಲು ಬರೀ ಎಚ್ಚರಿಕೆ ಕೊಟ್ಟು ಮುಂದೆ ಹೋಗುತ್ತಿದ್ದ ಎಷ್ಟೋ ತಪ್ಪುಗಳಿಗೆ ಈಗ ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ. ಕಾರ್ಟ್ ಖಾಲಿ ಇರುವಾಗ ಅದರಲ್ಲಿ ಎಷ್ಟು ವಸ್ತು ಇದೆ ಎಂದು ಎಣಿಸಲು ಹೋಗುವ ಕೋಡ್ ಇದೆ ಅಂದುಕೊಳ್ಳಿ. ಕಾರ್ಟೇ ಸಿದ್ಧವಾಗಿಲ್ಲದಿದ್ದರೂ 7.4ರಲ್ಲಿ ಅದು ಎಚ್ಚರಿಕೆಯ ಒಂದು ಸಾಲು ಬರೆದು ಸುಮ್ನಾಗುತ್ತಿತ್ತು. 8ರಲ್ಲಿ ಇಡೀ ಪುಟ ಸಾಯುತ್ತದೆ.

ಇನ್ನೂ ಸೂಕ್ಷ್ಮವಾದ ಒಂದು ಬದಲಾವಣೆ ಇದೆ. ಸೊನ್ನೆಯನ್ನು ಅಕ್ಷರಗಳ ಪದವೊಂದಕ್ಕೆ ಹೋಲಿಸಿದರೆ ಪಿಎಚ್‌ಪಿ 7 "ಎರಡೂ ಒಂದೇ" ಎನ್ನುತ್ತಿತ್ತು, 8 "ಬೇರೆ" ಎನ್ನುತ್ತದೆ. ಇಂಥ ಕಡೆ ಯಾವ ದೋಷವೂ ಕಾಣುವುದಿಲ್ಲ. ಡೆಲಿವರಿ ಚಾರ್ಜ್ ತಪ್ಪಾಗಿ ಬರುತ್ತದೆ, ರಿಯಾಯಿತಿ ಸಿಗಬೇಕಾದವರಿಗೆ ಸಿಗುವುದಿಲ್ಲ. ಗಿರಾಕಿ ಜಗಳಕ್ಕೆ ಬಂದಾಗಲೇ ವಿಷಯ ಗೊತ್ತಾಗುವುದು.

ಈ ಮೂರರ ಆಚೆಗೆ ಹೊರಗಿನ ಸೇವೆಗಳಿವೆ. ಅವು ಬದಲಾದರೂ ಬೈಗುಳ ಬೀಳುವುದು ಪ್ಲಗಿನ್‌ಗೆ. 2018ರಲ್ಲಿ ಗೂಗಲ್ ತನ್ನ ಮ್ಯಾಪ್ ಸೇವೆಗೆ ಕೀ ಮತ್ತು ಬಿಲ್ಲಿಂಗ್ ಖಾತೆ ಕಡ್ಡಾಯ ಮಾಡಿತು. ಸೈಟ್‌ಗಳಲ್ಲಿದ್ದ ನಕ್ಷೆಗಳು ಮಸುಕಾದವು. 2022ರ ಅಕ್ಟೋಬರ್ 1ರಿಂದ ಅಂಗಡಿಯವರು ಗಿರಾಕಿಯ ಕಾರ್ಡ್ ವಿವರ ಇಟ್ಟುಕೊಳ್ಳಬಾರದು ಎಂಬ ರಿಸರ್ವ್ ಬ್ಯಾಂಕ್ ನಿಯಮ ಜಾರಿಗೆ ಬಂತು. ಪೇಮೆಂಟ್ ಪ್ಲಗಿನ್‌ಗಳು ಅದಕ್ಕೆ ತಕ್ಕಂತೆ ಬದಲಾಗಲೇಬೇಕಾಯಿತು. ಇಂಥ ಸಂದರ್ಭದಲ್ಲಿ ಪ್ಲಗಿನ್ ಅನ್ನು ಹಳೆಯ ಆವೃತ್ತಿಗೆ ತಂದರೆ ಸಮಸ್ಯೆ ಇನ್ನೂ ಹೆಚ್ಚುತ್ತದೆ.

ಸದ್ದಿಲ್ಲದೆ ಕೆಡುವುದು

ಸೈಟ್ ಪೂರ್ತಿ ನಿಂತು, ಬಿಳಿ ಪುಟದಲ್ಲಿ "ಕ್ರಿಟಿಕಲ್ ಎರರ್" ಎಂಬ ಸಾಲು ಬಂದರೆ ಎಲ್ಲರೂ ಗಾಬರಿಯಾಗುತ್ತಾರೆ. ನನಗೆ ಅದು ಸಮಾಧಾನದ ವಿಷಯ. ಅಲ್ಲಿ ಕೆಟ್ಟಿದೆ ಎಂಬುದು ಕಾಣುತ್ತಿದೆ, ಕಾರಣ ಲಾಗ್‌ನಲ್ಲಿ (ದೋಷಗಳನ್ನು ದಾಖಲಿಸುವ ಫೈಲ್) ಬರೆದಿರುತ್ತದೆ. ಎಲ್ಲವೂ ಸರಿಯಾಗಿ ಕಾಣುತ್ತಾ ಒಳಗೆ ಕೆಟ್ಟಿರುವುದು ಅದಕ್ಕಿಂತ ಕೆಟ್ಟದ್ದು.

ಕಾಲೇಜಿನ ವಿಚಾರಣೆ ಫಾರ್ಮ್ ತೆಗೆದುಕೊಳ್ಳಿ. ಪೋಷಕರು ಹೆಸರು, ಫೋನ್ ನಂಬರ್ ತುಂಬುತ್ತಾರೆ. "ಧನ್ಯವಾದ, ನಿಮ್ಮನ್ನು ಸಂಪರ್ಕಿಸುತ್ತೇವೆ" ಎಂದು ಹಸಿರು ಪಟ್ಟಿ ಬರುತ್ತದೆ. ಕಾಲೇಜಿಗೆ ಮಾತ್ರ ಮೇಲ್ ಬರುವುದಿಲ್ಲ. ಈ ಸಲ ವಿಚಾರಣೆ ಕಮ್ಮಿ ಅಂದುಕೊಂಡು ಆಫೀಸಿನವರು ಕೂತಿರುತ್ತಾರೆ. ಅಡ್ಮಿಷನ್ ಮುಗಿಯುವವರೆಗೂ ಗೊತ್ತಾಗದ ಕೇಸುಗಳನ್ನು ನೋಡಿದ್ದೇನೆ. ಹೊಟ್ಟೆ ಉರಿಯುತ್ತದೆ. ಒಂದು ಟೆಸ್ಟ್ ಅರ್ಜಿ ಹಾಕಿ ನೋಡಿದ್ದರೆ ಎರಡು ನಿಮಿಷದಲ್ಲಿ ತಿಳಿಯುತ್ತಿತ್ತು.

ಇಂಥ ಕಡೆ ಫಾರ್ಮ್ ಪ್ಲಗಿನ್‌ನ ತಪ್ಪು ಇರುವುದು ಕಡಿಮೆ. ಮೇಲ್ ಕಳಿಸುವ ದಾರಿಯೇ ಮುಚ್ಚಿರುತ್ತದೆ. ಜಿಮೇಲ್‌ನ ಮಾಮೂಲಿ ಪಾಸ್‌ವರ್ಡ್ ಕೊಟ್ಟು ಹೊರಗಿನ ತಂತ್ರಾಂಶದಿಂದ ಮೇಲ್ ಕಳಿಸುವ ಸೌಲಭ್ಯವನ್ನು ಗೂಗಲ್ 2022ರ ಮೇ ಕೊನೆಯಲ್ಲಿ ನಿಲ್ಲಿಸಿತು. 2024ರ ಫೆಬ್ರವರಿಯಿಂದ, ಮೇಲ್ ನಿಜವಾಗಿ ಆ ಡೊಮೇನ್‌ನಿಂದಲೇ (ಸೈಟ್‌ನ ವಿಳಾಸದ ಹೆಸರು) ಬಂದದ್ದು ಎಂಬುದಕ್ಕೆ ಎಸ್‌ಪಿಎಫ್ ಅಥವಾ ಡಿಕಿಮ್ ದಾಖಲೆ ಇರಬೇಕು ಎಂದು ಬಿಗಿ ಮಾಡಿತು. ಈ ದಾಖಲೆ ಇಲ್ಲದ ಸೈಟ್‌ಗಳ ಮೇಲ್ ಸ್ಪ್ಯಾಮ್‌ಗೆ ಹೋಗುತ್ತದೆ, ಇಲ್ಲವೇ ತಲುಪುವುದೇ ಇಲ್ಲ. ಅದೇ ವಾರ ಪ್ಲಗಿನ್ ಅಪ್‌ಡೇಟ್ ಆಗಿದ್ದರೆ ತಪ್ಪು ಅದರ ತಲೆಗೆ. ಆದ್ದರಿಂದ ಫಾರ್ಮ್‌ನಲ್ಲಿ ತುಂಬಿದ ವಿವರ ಮೇಲ್‌ಗಷ್ಟೇ ಅಲ್ಲ, ಸೈಟ್‌ನ ಡೇಟಾಬೇಸ್‌ನಲ್ಲೂ ಉಳಿಯುವಂತೆ ಮಾಡಿಸಿ. ಮೇಲ್ ನಿಂತರೂ ಅರ್ಜಿ ಕಳೆದುಹೋಗುವುದಿಲ್ಲ.

ಪೇಮೆಂಟ್‌ನಲ್ಲಿ ಇದೇ ರೀತಿಯ ಮೌನ ಇದೆ. ದುಡ್ಡು ಗಿರಾಕಿಯ ಖಾತೆಯಿಂದ ಹೋಗಿರುತ್ತದೆ. ಪೇಮೆಂಟ್ ಕಂಪನಿ "ದುಡ್ಡು ಬಂತು" ಎಂಬ ಸಂದೇಶವನ್ನು ನಿಮ್ಮ ಸೈಟ್‌ಗೆ ಕಳಿಸುತ್ತದೆ. ಇದಕ್ಕೆ ವೆಬ್‌ಹುಕ್ ಎನ್ನುತ್ತಾರೆ. ಅಪ್‌ಡೇಟ್ ಆದ ಮೇಲೆ ಯಾವುದೋ ಸೆಕ್ಯುರಿಟಿ ಪ್ಲಗಿನ್ ಆ ಸಂದೇಶವನ್ನು ತಡೆದರೆ, ಅಥವಾ ಬೇರೊಂದು ಪ್ಲಗಿನ್ ಎಚ್ಚರಿಕೆಯ ಸಾಲೊಂದನ್ನು ಉತ್ತರದ ಮಧ್ಯೆ ಮುದ್ರಿಸಿಬಿಟ್ಟರೆ, ಆರ್ಡರ್ "ಬಾಕಿ" ಎಂದೇ ಉಳಿಯುತ್ತದೆ. ಗಿರಾಕಿ ದುಡ್ಡು ಕೊಟ್ಟಾಗಿದೆ, ಬೆಳೆಗಾರನಿಗೆ ಆರ್ಡರ್ ಕಾಣುತ್ತಿಲ್ಲ. ಇಬ್ಬರೂ ಪ್ರಾಮಾಣಿಕರೇ, ಆದರೆ ಒಬ್ಬರನ್ನೊಬ್ಬರು ಅನುಮಾನಿಸುತ್ತಾರೆ.

ವರ್ಡ್‌ಪ್ರೆಸ್‌ನೊಳಗೆ ಒಳ್ಳೆಯ ಕಾವಲುಗಳು ಬಂದಿವೆ, ನಿಜ. 2024ರ ಜುಲೈನಲ್ಲಿ ಬಂದ 6.6 ಆವೃತ್ತಿಯಿಂದ, ಪ್ಲಗಿನ್ ತಾನಾಗಿ ಅಪ್‌ಡೇಟ್ ಆದಾಗ ಸೈಟ್ ಕುಸಿದರೆ ಹಳೆಯ ಆವೃತ್ತಿ ತಾನಾಗಿ ವಾಪಸ್ ಬರುತ್ತದೆ. ಆದರೆ ಅದು ನೋಡುವುದು ಪುಟ ಸತ್ತಿದೆಯೇ ಎಂದು ಮಾತ್ರ. ಫಾರ್ಮ್ ಮೇಲ್ ಕಳಿಸುತ್ತಿದೆಯಾ, ಆರ್ಡರ್ ದಾಖಲಾಗುತ್ತಿದೆಯಾ ಎಂದು ಅದಕ್ಕೆ ಗೊತ್ತಾಗುವುದಿಲ್ಲ. ಇನ್ನೊಂದು ವಿಷಯ, ಈ ಕಾವಲು ತಾನಾಗಿ ಆಗುವ ಅಪ್‌ಡೇಟ್‌ಗೆ ಇದೆ, ನೀವು ಕೈಯಿಂದ ಬಟನ್ ಒತ್ತಿ ಮಾಡಿದ್ದಕ್ಕೆ ಇಲ್ಲ. ಕೈಯಿಂದ ಮಾಡುವಾಗ ಫೈಲ್ ಕಾಪಿ ಆಗುವುದು ಅರ್ಧಕ್ಕೆ ನಿಂತರೆ ಹಳೆಯದನ್ನು ಉಳಿಸಿಕೊಡುವ ಏರ್ಪಾಡು 2023ರ 6.3ರಿಂದ ಇದೆ, ಅಷ್ಟೇ.

ಕೆಟ್ಟಾಗ ಯಾವ ಕ್ರಮದಲ್ಲಿ ನೋಡಬೇಕು?

ಬೋರ್‌ವೆಲ್‌ನಲ್ಲಿ ನೀರು ಬರಲಿಲ್ಲ ಎಂದರೆ ನಮ್ಮ ರೈತರು ತಕ್ಷಣ ಮೋಟಾರ್ ಎತ್ತಿಸುವುದಿಲ್ಲ. ಮೂರು ಫೇಸ್ ಕರೆಂಟ್ ಇದೆಯಾ, ಫ್ಯೂಸ್ ಹೋಗಿದೆಯಾ, ಸ್ಟಾರ್ಟರ್ ಎಳೆಯುತ್ತಿದೆಯಾ ಎಂದು ಮೇಲಿನಿಂದ ನೋಡಿಕೊಂಡು ಬರುತ್ತಾರೆ. ಮೋಟಾರ್ ಎತ್ತುವುದು ಕೊನೆಯ ಕೆಲಸ, ಅದಕ್ಕೆ ಖರ್ಚು ಜಾಸ್ತಿ. ಸೈಟ್‌ಗೂ ಅದೇ ಕ್ರಮ ಒಳ್ಳೆಯದು. ಗಾಬರಿಯಲ್ಲಿ ಪ್ಲಗಿನ್ ಡಿಲೀಟ್ ಮಾಡಬೇಡಿ. ಕೆಲವು ಪ್ಲಗಿನ್‌ಗಳು ಡಿಲೀಟ್ ಆಗುವಾಗ ತಮ್ಮ ಸೆಟ್ಟಿಂಗ್, ಡೇಟಾ ಎಲ್ಲವನ್ನೂ ಅಳಿಸಿಕೊಂಡು ಹೋಗುತ್ತವೆ. ಆಮೇಲೆ ಮತ್ತೆ ಹಾಕಿದರೆ ಖಾಲಿ ಪ್ಲಗಿನ್ ಸಿಗುತ್ತದೆ.

ಮೊದಲು ಕ್ಯಾಶೆ, ಅಂದರೆ ಪುಟ ಬೇಗ ತೆರೆಯಲೆಂದು ಉಳಿಸಿಟ್ಟ ಹಳೆಯ ಪ್ರತಿಗಳನ್ನು ಖಾಲಿ ಮಾಡಿ. ಅಪ್‌ಡೇಟ್ ಆದ ಮೇಲೆ ಹೊಸ ಪುಟ ಹಳೆಯ ಸ್ಕ್ರಿಪ್ಟ್ ಇಟ್ಟುಕೊಂಡು ಒದ್ದಾಡುವುದು ತುಂಬಾ ಸಾಮಾನ್ಯ. ಮೊಬೈಲ್‌ನಲ್ಲಿ ಖಾಸಗಿ ವಿಂಡೋ ತೆರೆದು ನೋಡಿ. ಅಲ್ಲಿ ಸರಿ ಇದ್ದರೆ ಸೈಟ್ ಕೆಟ್ಟಿಲ್ಲ. "ನಿರ್ವಹಣೆ ನಡೆಯುತ್ತಿದೆ, ಒಂದು ನಿಮಿಷ ಬಿಟ್ಟು ಬನ್ನಿ" ಎಂಬ ಅರ್ಥದ ಇಂಗ್ಲಿಷ್ ಸಾಲು ಹೋಗದೆ ಉಳಿದಿದ್ದರೆ, ಅಪ್‌ಡೇಟ್ ಮಧ್ಯದಲ್ಲಿ ನಿಂತಿದೆ ಎಂದರ್ಥ. ಸೈಟ್‌ನ ಮುಖ್ಯ ಫೋಲ್ಡರ್‌ನಲ್ಲಿ ಚುಕ್ಕಿಯಿಂದ ಶುರುವಾಗುವ ಮೇಂಟೆನೆನ್ಸ್ ಎಂಬ ಫೈಲ್ ಇರುತ್ತದೆ, ಅದನ್ನು ಅಳಿಸಿದರೆ ಪುಟ ಬರುತ್ತದೆ. ಮುಖಪುಟ ಸರಿ ಇದ್ದು ಒಳಗಿನ ಪುಟಗಳು ಮಾತ್ರ "ಸಿಗಲಿಲ್ಲ" ಎಂದರೆ, ಸೆಟ್ಟಿಂಗ್ಸ್‌ನ ಪರ್ಮಾಲಿಂಕ್ಸ್‌ಗೆ ಹೋಗಿ ಏನೂ ಬದಲಿಸದೆ ಸೇವ್ ಒತ್ತಿ. ಬಹಳ ಸಲ ಅಷ್ಟಕ್ಕೇ ಸರಿಯಾಗುತ್ತದೆ.

ಡ್ಯಾಶ್‌ಬೋರ್ಡ್ (ಸೈಟ್ ನಿರ್ವಹಿಸುವ ಅಡ್ಮಿನ್ ಪುಟ) ತೆರೆಯುತ್ತಿದ್ದರೆ ಟೂಲ್ಸ್ ಕೆಳಗಿನ ಸೈಟ್ ಹೆಲ್ತ್ ನೋಡಿ. ಪಿಎಚ್‌ಪಿ ಯಾವ ಆವೃತ್ತಿ, ಯಾವ ಪ್ಲಗಿನ್ ಯಾವ ಆವೃತ್ತಿ ಎಲ್ಲ ಅಲ್ಲಿದೆ. ಆಮೇಲೆ ಎಲ್ಲ ಪ್ಲಗಿನ್ ಆಫ್ ಮಾಡಿ ಒಂದೊಂದೇ ಆನ್ ಮಾಡುವ ಹಳೆಯ ಉಪಾಯ ಇದೆ. ಅದು ಈಗಲೂ ಕೆಲಸ ಮಾಡುತ್ತದೆ. ಆದರೆ ಸೈಟ್ ನಡೆಯುತ್ತಿರುವಾಗ ಹಾಗೆ ಮಾಡಿದರೆ ಗಿರಾಕಿಗಳಿಗೆ ತೊಂದರೆ. ವರ್ಡ್‌ಪ್ರೆಸ್ ಸಮುದಾಯದವರದ್ದೇ ಹೆಲ್ತ್ ಚೆಕ್ ಅಂಡ್ ಟ್ರಬಲ್‌ಶೂಟಿಂಗ್ ಎಂಬ ಉಚಿತ ಪ್ಲಗಿನ್ ಇದೆ. ಅದರಲ್ಲಿ ನಿಮಗೊಬ್ಬರಿಗೆ ಮಾತ್ರ ಎಲ್ಲ ಪ್ಲಗಿನ್ ಆಫ್ ಆದಂತೆ ಕಾಣುತ್ತದೆ, ಬಂದುಹೋಗುವವರಿಗೆ ಸೈಟ್ ಮೊದಲಿನಂತೆಯೇ ಇರುತ್ತದೆ. ಹಗಲು ಹೊತ್ತಿನಲ್ಲೂ ಪರೀಕ್ಷೆ ಮಾಡಬಹುದು.

ಡ್ಯಾಶ್‌ಬೋರ್ಡೇ ತೆರೆಯದಿದ್ದರೆ ಹೋಸ್ಟಿಂಗ್‌ನ ಫೈಲ್ ಮ್ಯಾನೇಜರ್‌ಗೆ ಹೋಗಬೇಕು. ಪ್ಲಗಿನ್‌ಗಳ ಫೋಲ್ಡರ್‌ನಲ್ಲಿ ಅನುಮಾನ ಇರುವುದರ ಹೆಸರು ಬದಲಿಸಿದರೆ ವರ್ಡ್‌ಪ್ರೆಸ್‌ಗೆ ಅದು ಸಿಗುವುದಿಲ್ಲ, ಆಫ್ ಆಗುತ್ತದೆ, ಡೇಟಾ ಹಾಗೇ ಉಳಿಯುತ್ತದೆ. ಯಾವುದು ಎಂದು ಊಹೆ ಮಾಡುವ ಅಗತ್ಯವೂ ಇಲ್ಲ. ಸೈಟ್‌ನ ಮೂಲ ಸೆಟ್ಟಿಂಗ್‌ಗಳಿರುವ ಕಾನ್ಫಿಗ್ ಫೈಲ್‌ನಲ್ಲಿ, ದೋಷ ದಾಖಲಿಸುವ ಡೀಬಗ್ ಮತ್ತು ಡೀಬಗ್ ಲಾಗ್ ಆನ್ ಮಾಡಿ, ಪರದೆಯ ಮೇಲೆ ತೋರಿಸುವುದನ್ನು ಆಫ್ ಇಡಿ. ಪುಟ ಇನ್ನೊಮ್ಮೆ ತೆರೆದರೆ ಲಾಗ್‌ನಲ್ಲಿ "ಫೇಟಲ್ ಎರರ್" ಎಂಬ ಸಾಲು ಬೀಳುತ್ತದೆ. ಅದರಲ್ಲಿ ಫೋಲ್ಡರ್ ಹೆಸರು ಇರುತ್ತದೆ, ಸಾಲಿನ ಸಂಖ್ಯೆಯೂ ಇರುತ್ತದೆ. "ಡೆಪ್ರಿಕೇಟೆಡ್", "ನೋಟಿಸ್" ಎಂದು ಶುರುವಾಗುವ ನೂರಾರು ಸಾಲುಗಳು ಸುತ್ತ ಇದ್ದರೆ ಅವನ್ನು ಸದ್ಯಕ್ಕೆ ಬಿಡಿ. 2024ರ ನವೆಂಬರ್‌ನಲ್ಲಿ 6.7 ಬಂದ ಮೇಲೆ, ಅನುವಾದದ ಫೈಲ್‌ಗಳನ್ನು ಬೇಗ ಲೋಡ್ ಮಾಡುವ ಪ್ಲಗಿನ್‌ಗಳು ಇಂಥ ನೋಟಿಸ್‌ಗಳಿಂದ ಲಾಗ್ ತುಂಬಿಸತೊಡಗಿದವು. ಅದನ್ನು ನೋಡಿ ಹೆದರಿ ಒಳ್ಳೆಯ ಪ್ಲಗಿನ್ ಕಿತ್ತುಹಾಕಿದವರಿದ್ದಾರೆ. ಕೆಲಸ ಮುಗಿದ ಮೇಲೆ ಡೀಬಗ್ ಆಫ್ ಮಾಡಿ ಲಾಗ್ ಫೈಲ್ ಅಳಿಸಲೇಬೇಕು. ಅದು ಇರುವ ಜಾಗ ಎಷ್ಟೋ ಸರ್ವರ್‌ಗಳಲ್ಲಿ ಹೊರಗಿನವರೂ ತೆರೆದು ಓದುವಂತಿರುತ್ತದೆ.

ಅಪರಾಧಿ ಸಿಕ್ಕ ಮೇಲೆ ಹಳೆಯ ಆವೃತ್ತಿಗೆ ತರುವುದು ಸುಲಭ. ಅಧಿಕೃತ ಸಂಗ್ರಹದಲ್ಲಿ ಪ್ರತಿ ಪ್ಲಗಿನ್‌ನ ಪುಟದ ಅಡ್ವಾನ್ಸ್ಡ್ ವ್ಯೂನಲ್ಲಿ ಹಿಂದಿನ ಆವೃತ್ತಿಗಳು ಸಿಗುತ್ತವೆ. ಆದರೆ ಆನ್‌ಲೈನ್ ಅಂಗಡಿ ನಡೆಸುವ ವೂಕಾಮರ್ಸ್‌ನಂಥ ದೊಡ್ಡ ಪ್ಲಗಿನ್‌ಗಳಲ್ಲಿ ಹುಷಾರಾಗಿರಿ. ಅವು ಅಪ್‌ಡೇಟ್ ಆಗುವಾಗ ಡೇಟಾಬೇಸ್‌ನ ರಚನೆಯನ್ನೂ ಬದಲಿಸುತ್ತವೆ. ಫೈಲ್ ಮಾತ್ರ ಹಳೆಯದು ಹಾಕಿದರೆ ಎರಡಕ್ಕೂ ಹೊಂದುವುದಿಲ್ಲ. ಅಂಥ ಕಡೆ ಅಪ್‌ಡೇಟ್‌ಗೆ ಮುಂಚಿನ ಪೂರ್ತಿ ಬ್ಯಾಕಪ್ ಬೇಕು. ಅದನ್ನು ಹಾಕಿದರೆ ಮಧ್ಯೆ ಬಂದ ಆರ್ಡರ್‌ಗಳು ಹೋಗುತ್ತವೆ, ಅವನ್ನು ಮೊದಲೇ ಬೇರೆ ಕಡೆ ಇಳಿಸಿಕೊಳ್ಳಬೇಕು.

ಕನ್ನಡ ಸೈಟ್ ಇಟ್ಟವರಿಗೆ ಇಲ್ಲಿ ಒಂದು ಮಾತು. ಬ್ಯಾಕಪ್ ವಾಪಸ್ ಹಾಕಿದಾಗ ಇಂಗ್ಲಿಷ್ ಅಕ್ಷರ ಸರಿ ಇದ್ದು ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ಬಂದರೆ, ಡೇಟಾಬೇಸ್‌ನ ಅಕ್ಷರ ಸಂಕೇತ ತಪ್ಪಿದೆ. ಪ್ರಶ್ನಾರ್ಥಕವಾಗಿ ಉಳಿದ ಡೇಟಾದಿಂದ ಮೂಲ ಅಕ್ಷರ ವಾಪಸ್ ಬರುವುದಿಲ್ಲ. ಆದ್ದರಿಂದ ಬ್ಯಾಕಪ್ ಫೈಲ್ ಇದೆ ಎಂದರೆ ಸಾಲದು, ಬೇರೆ ಜಾಗದಲ್ಲಿ ಹಾಕಿ ಕನ್ನಡ ಪುಟ ಓದಿ ನೋಡಿರಬೇಕು. ಕನ್ನಡದ ಉದ್ದ ಶೀರ್ಷಿಕೆಯನ್ನೇ ಲಿಂಕ್ ಮಾಡುವುದೂ ತೊಂದರೆ. ವರ್ಡ್‌ಪ್ರೆಸ್ ಲಿಂಕಿನ ಹೆಸರಿಗೆ 200 ಅಕ್ಷರ ಜಾಗ ಕೊಡುತ್ತದೆ. ಒಂದೊಂದು ಕನ್ನಡ ಅಕ್ಷರ ಸಂಕೇತವಾದಾಗ 9 ಜಾಗ ತಿನ್ನುತ್ತದೆ, ಒತ್ತು, ಕಾಗುಣಿತದ ಗುರುತು ಬೇರೆಯೇ ಲೆಕ್ಕ. ಇಪ್ಪತ್ತೆರಡಕ್ಕೆ ಮುಗಿಯುತ್ತದೆ. ಉಳಿದದ್ದು ಕತ್ತರಿಸಿಹೋಗುತ್ತದೆ. ಚಿಕ್ಕ ಲಿಂಕ್ ನಾವೇ ಬರೆದುಕೊಡುವುದು ಒಳ್ಳೆಯದು.

ಹಾಗಾದರೆ ಅಪ್‌ಡೇಟೇ ಬೇಡವಾ?

ಎರಡು ಸಲ ಪೆಟ್ಟು ತಿಂದವರು ಎಲ್ಲ ಅಪ್‌ಡೇಟ್ ನಿಲ್ಲಿಸಿಬಿಡುತ್ತಾರೆ. ಅವರ ಭಯ ಅರ್ಥವಾಗುತ್ತದೆ, ಆದರೆ ಅದು ಇನ್ನೂ ದೊಡ್ಡ ಅಪಾಯ. 2024ರ ಆಗಸ್ಟ್‌ನಲ್ಲಿ ಲೈಟ್‌ಸ್ಪೀಡ್ ಕ್ಯಾಶೆ ಪ್ಲಗಿನ್‌ನಲ್ಲಿ ಒಂದು ದೋಷ ಬಯಲಾಯಿತು. ಲಾಗಿನ್ ಇಲ್ಲದ ಹೊರಗಿನವರು ಅಡ್ಮಿನ್ ಆಗಿಬಿಡಬಹುದಿತ್ತು. ಆ ಪ್ಲಗಿನ್ 50 ಲಕ್ಷಕ್ಕೂ ಹೆಚ್ಚು ಸೈಟ್‌ಗಳಲ್ಲಿತ್ತು. ಅದೇ ವರ್ಷ ನವೆಂಬರ್‌ನಲ್ಲಿ ರಿಯಲಿ ಸಿಂಪಲ್ ಸೆಕ್ಯುರಿಟಿ ಪ್ಲಗಿನ್‌ನಲ್ಲಿ, ಎರಡು ಹಂತದ ಲಾಗಿನ್ ಆನ್ ಮಾಡಿದ್ದ ಸೈಟ್‌ಗಳಿಗೆ ಯಾರ ಹೆಸರಲ್ಲಿ ಬೇಕಾದರೂ ಒಳಗೆ ಬರಬಹುದಾದ ದೋಷ ಸಿಕ್ಕಿತು. ಅದು 40 ಲಕ್ಷ ಸೈಟ್‌ಗಳಲ್ಲಿತ್ತು. ಇಂಥ ಸುದ್ದಿ ಹೊರಬಿದ್ದ ಮೇಲೆ ಅಪ್‌ಡೇಟ್ ಆಗದ ಸೈಟ್‌ಗಳನ್ನು ಯಂತ್ರಗಳೇ ಹುಡುಕಿಕೊಂಡು ಬರುತ್ತವೆ. ಕೋಲಾರದ ಸಣ್ಣ ಅಂಗಡಿ ಅಂತ ಬಿಡುವುದಿಲ್ಲ.

ನನ್ನ ಅಭಿಪ್ರಾಯದಲ್ಲಿ ವ್ಯಾಪಾರದ ಕಾಲಕ್ಕೆ ತಕ್ಕಂತೆ ಅಪ್‌ಡೇಟ್ ಹಂಚಿಕೊಳ್ಳುವುದು ಸರಿ. ಹೊಸ ಸೌಲಭ್ಯ ತರುವ ದೊಡ್ಡ ಅಪ್‌ಡೇಟ್‌ಗಳನ್ನು, ಪಿಎಚ್‌ಪಿ ಬದಲಾವಣೆಯನ್ನು ಸೀಸನ್‌ಗೆ ಒಂದೆರಡು ತಿಂಗಳು ಮುಂಚೆಯೇ ಮುಗಿಸಬೇಕು. ಸೀಸನ್ ನಡೆಯುವಾಗ ಭದ್ರತೆಯ ಅಪ್‌ಡೇಟ್ ಮಾತ್ರ, ಅದೂ ಬೆಳಗಿನ ಹೊತ್ತು, ಸರಿಪಡಿಸಬಲ್ಲವರು ಎದ್ದಿರುವಾಗ. ಶುಕ್ರವಾರ ರಾತ್ರಿ ಬೇಡವೇ ಬೇಡ. ಹೋಸ್ಟಿಂಗ್‌ನಲ್ಲಿ ಸ್ಟೇಜಿಂಗ್ ಎಂಬ ನಕಲು ಸೈಟ್ ಸಿಗುತ್ತಿದ್ದರೆ ಮೊದಲು ಅಲ್ಲಿ ಮಾಡಿ ನೋಡಬೇಕು.

ಅಪ್‌ಡೇಟ್‌ನಿಂದ ಕೆಟ್ಟಿತು ಎನ್ನುವ ಕೇಸುಗಳಲ್ಲಿ ಇನ್ನೆರಡು ಕಾರಣ ನಮ್ಮಲ್ಲಿ ಜಾಸ್ತಿ. ಒಂದು, ಸೈಟ್ ಮಾಡಿದವರು ಥೀಮ್ ಅಥವಾ ಪ್ಲಗಿನ್‌ನ ಮೂಲ ಫೈಲ್‌ನಲ್ಲೇ ಕೈ ಹಾಕಿ ತಿದ್ದಿರುತ್ತಾರೆ. ಅಪ್‌ಡೇಟ್ ಆದಾಗ ಹೊಸ ಫೈಲ್ ಬಂದು ಆ ತಿದ್ದುಪಡಿ ಅಳಿಸಿಹೋಗುತ್ತದೆ. ಥೀಮ್‌ನ ತಿದ್ದುಪಡಿಯನ್ನು ಚೈಲ್ಡ್ ಥೀಮ್‌ನಲ್ಲಿ (ಮೂಲ ಥೀಮ್ ಮುಟ್ಟದೆ ಬದಲಾವಣೆ ಇಡುವ ಬೇರೆ ಫೋಲ್ಡರ್) ಬರೆದಿದ್ದರೆ ಉಳಿಯುತ್ತಿತ್ತು. ಇನ್ನೊಂದು, ದುಡ್ಡು ಕೊಟ್ಟು ಕೊಳ್ಳಬೇಕಾದ ಪ್ಲಗಿನ್‌ನ ಕದ್ದ ಪ್ರತಿ. ಗಿರಾಕಿಗೆ ಹೇಳದೆಯೇ ಹಾಕಿಬಿಟ್ಟಿರುತ್ತಾರೆ. ಅದಕ್ಕೆ ಸರಿಯಾದ ಅಪ್‌ಡೇಟ್ ಬರುವುದಿಲ್ಲ, ಒಳಗೆ ಬೇರೆಯವರ ಕೋಡ್ ಸೇರಿರುವುದೂ ಉಂಟು. ಇದು ಸೈಟ್ ಮಾಲೀಕರಿಗೆ ಮಾಡುವ ಮೋಸ, ಬೇರೆ ಮಾತಿಲ್ಲ.

ದಿಕ್ಕಿಲ್ಲದ ಸೈಟ್‌ಗಳು

ನಮ್ಮ ಕಡೆ ಸೈಟ್ ಮಾಡಿಸುವುದು ಒಂದು ಸಲದ ಖರ್ಚು ಅಂದುಕೊಳ್ಳುತ್ತಾರೆ. ಪರಿಚಯದ ಹುಡುಗ ಮಾಡಿಕೊಟ್ಟ, ದುಡ್ಡು ಕೊಟ್ಟೆವು, ಮುಗಿಯಿತು. ಆ ಹುಡುಗನಿಗೆ ಬೆಂಗಳೂರಿನಲ್ಲಿ ಕೆಲಸ ಸಿಗುತ್ತದೆ, ನಂಬರ್ ಬದಲಾಗುತ್ತದೆ. ಡೊಮೇನ್ ಅವನ ಹೆಸರಲ್ಲಿ, ಹೋಸ್ಟಿಂಗ್ ಅವನ ಖಾತೆಯಲ್ಲಿ, ಅಡ್ಮಿನ್ ಇಮೇಲ್ ಅವನದ್ದು. ಅವನನ್ನೂ ಪೂರ್ತಿ ದೂರುವಂತಿಲ್ಲ. ಆಮೇಲಿನ ಉಸ್ತುವಾರಿಗೆ ಯಾರೂ ಅವನಿಗೆ ಒಂದು ರೂಪಾಯಿ ಕೊಟ್ಟಿರುವುದಿಲ್ಲ.

ಇದರ ಪರಿಣಾಮ ಎಲ್ಲಿ ಕಾಣುತ್ತದೆ ಗೊತ್ತಾ? 2019ರ 5.2 ಆವೃತ್ತಿಯಿಂದ ವರ್ಡ್‌ಪ್ರೆಸ್‌ನಲ್ಲಿ ರಿಕವರಿ ಮೋಡ್ ಇದೆ. ಪ್ಲಗಿನ್‌ನಿಂದಾಗಿ ಅಡ್ಮಿನ್ ಪುಟ ಕುಸಿದರೆ, ಯಾವ ಪ್ಲಗಿನ್ ಕಾರಣ ಎಂದು ಹೇಳುವ ಮೇಲ್ ಅಡ್ಮಿನ್ ವಿಳಾಸಕ್ಕೆ ಹೋಗುತ್ತದೆ. ಅದರಲ್ಲೊಂದು ವಿಶೇಷ ಲಿಂಕ್ ಇರುತ್ತದೆ. ಒತ್ತಿದರೆ ಕೆಟ್ಟ ಪ್ಲಗಿನ್ ಅನ್ನು ನಿಮ್ಮ ಮಟ್ಟಿಗೆ ಬದಿಗಿಟ್ಟು ಡ್ಯಾಶ್‌ಬೋರ್ಡ್ ತೆರೆಯುತ್ತದೆ. ಅದನ್ನು ಡಿಆಕ್ಟಿವೇಟ್ ಮಾಡಿದರೆ ಎಲ್ಲರಿಗೂ ಸೈಟ್ ಬರುತ್ತದೆ. ಕೋಡ್ ಗೊತ್ತಿಲ್ಲದವರೂ ಮಾಡಬಹುದಾದ ಕೆಲಸ. ಲಿಂಕ್‌ನ ಆಯಸ್ಸು ಒಂದು ದಿನ. ಆ ಮೇಲ್ ಕೈಬಿಟ್ಟ ಜಿಮೇಲ್ ಖಾತೆಯೊಂದಕ್ಕೆ ಹೋಗಿ ಬಿದ್ದಿರುತ್ತದೆ. ಪರಿಹಾರ ಹೊರಟಿತ್ತು, ತೆಗೆದುಕೊಳ್ಳುವವರೇ ಇರಲಿಲ್ಲ.

ಆದ್ದರಿಂದ ಸೈಟ್ ಚೆನ್ನಾಗಿ ನಡೆಯುತ್ತಿರುವಾಗಲೇ ಕೆಲವು ವಿಷಯ ಕೇಳಿ ಪಡೆಯಿರಿ. ಡೊಮೇನ್ ನೋಂದಣಿ ನಿಮ್ಮ ಹೆಸರು, ನಿಮ್ಮ ಇಮೇಲ್‌ನಲ್ಲಿ ಇರಲಿ. ಹೋಸ್ಟಿಂಗ್ ಖಾತೆಯ ಮಾಲೀಕರು ನೀವೇ ಆಗಿ, ರಿಪೇರಿ ಮಾಡುವವರಿಗೆ ಬೇರೆ ಲಾಗಿನ್ ಕೊಡಿ. ಬ್ಯಾಕಪ್‌ನ ಒಂದು ಪ್ರತಿ ಅದೇ ಸರ್ವರ್‌ನಲ್ಲಿ ಅಲ್ಲ, ಬೇರೆ ಕಡೆ ಇರಲಿ. ಇದನ್ನು ಕೇಳಿದರೆ ಸೈಟ್ ಮಾಡಿದವರಿಗೆ ಬೇಜಾರಾಗಬಹುದು ಎಂಬ ಸಂಕೋಚ ನಮ್ಮವರಿಗಿದೆ. ಬೇಡ. ಹೊಲದ ಪಹಣಿ ಬೇರೆಯವರ ಹೆಸರಲ್ಲಿ ಬಿಡುತ್ತೀರಾ?

ವಾರ್ಷಿಕ ನಿರ್ವಹಣೆಗೆ ಒಪ್ಪಂದ ಮಾಡಿಕೊಳ್ಳಿ. ಅದರಲ್ಲಿ "ಸೈಟ್ ನೋಡಿಕೊಳ್ಳುತ್ತೇವೆ" ಎಂಬ ಮಾತು ಸಾಲದು. ತಿಂಗಳಿಗೆ ಎಷ್ಟು ಸಲ ಅಪ್‌ಡೇಟ್, ಬ್ಯಾಕಪ್ ಎಲ್ಲಿ, ಸೈಟ್ ನಿಂತರೆ ಎಷ್ಟು ಗಂಟೆಯೊಳಗೆ ಫೋನ್ ಎತ್ತಬೇಕು, ಪ್ರತಿ ಅಪ್‌ಡೇಟ್ ಆದ ಮೇಲೆ ಒಂದು ಟೆಸ್ಟ್ ಆರ್ಡರ್, ಒಂದು ಟೆಸ್ಟ್ ಅರ್ಜಿ ಹಾಕಿ ನೋಡುವುದು ಯಾರ ಕೆಲಸ, ಇಷ್ಟು ಬರೆದಿರಲಿ. ರಿಪೇರಿ ಮಾಡುವ ನಮ್ಮಂಥವರಿಗೂ ಇದರಿಂದ ಒಳ್ಳೆಯದು. ಏನು ಮಾಡಬೇಕು, ಏನು ನಮ್ಮ ಹೊಣೆ ಅಲ್ಲ ಎಂಬುದು ಸ್ಪಷ್ಟವಾಗಿರುತ್ತದೆ.

ಅಡ್ಮಿನ್ ಇಮೇಲ್ ಬದಲಿಸುವುದಕ್ಕಂತೂ ಯಾರನ್ನೂ ಕಾಯಬೇಕಾಗಿಲ್ಲ. ಸೆಟ್ಟಿಂಗ್ಸ್‌ನ ಜನರಲ್‌ಗೆ ಹೋಗಿ ನಿಮ್ಮ ವಿಳಾಸ ಹಾಕಿ, ಆ ವಿಳಾಸಕ್ಕೆ ಬರುವ ಲಿಂಕ್ ಒತ್ತಿ ಖಚಿತಪಡಿಸಿ. ಒತ್ತುವವರೆಗೆ ಹಳೆಯ ವಿಳಾಸವೇ ಇರುತ್ತದೆ. 5.3 ಆವೃತ್ತಿಯಿಂದ ಈಚೆಗೆ ಆರು ತಿಂಗಳಿಗೊಮ್ಮೆ ಲಾಗಿನ್ ಆಗುವಾಗ ವರ್ಡ್‌ಪ್ರೆಸ್ ತಾನೇ ಕೇಳುತ್ತದೆ, ಈ ಅಡ್ಮಿನ್ ಇಮೇಲ್ ಈಗಲೂ ಸರಿ ಇದೆಯಾ ಅಂತ. ಹೆಚ್ಚಿನವರು ಓದದೆ "ಸರಿ ಇದೆ" ಒತ್ತಿ ಮುಂದೆ ಹೋಗುತ್ತಾರೆ. ಮುಂದಿನ ಸಲ ಆ ಪುಟ ಬಂದಾಗ ಅಲ್ಲಿ ಯಾರ ವಿಳಾಸ ಇದೆ ಎಂದು ಓದಿ, ನಿಮ್ಮದಲ್ಲದಿದ್ದರೆ ಅಲ್ಲೇ ಬದಲಿಸಿ.